ಡ್ರಮ್ಮಿನ ಹಿಂದಿನ ಬುಟ್ಟಿ

ಶಿಡ್ಲಘಟ್ಟದಲ್ಲಿ ಅಂಗನವಾಡಿ ಟೀಚರ್ ಆಗಿ ನನಗೆ ಹನ್ನೆರಡು ವರ್ಷವಾಗಿತ್ತು. ಮಕ್ಕಳು ಆಡುತ್ತಲೇ ಕಲಿಯುತ್ತಾರೆಂದು ತಾಯಂದಿರ ಸಭೆಗಳಲ್ಲಿ ಗಂಟಲು ಹರಿದುಕೊಂಡವಳು ನಾನೇ. ಆ ಬೆಳಿಗ್ಗೆ ಮಾತ್ರ ಆಟದ ಸಾಮಾನನ್ನೆಲ್ಲ ಬಾಚಿ ಅಕ್ಕಿಯ ಡ್ರಮ್ಮಿನ ಹಿಂದೆ ತಳ್ಳಿದೆ.

ಬರಬೇಕಿದ್ದವರು ನಾಲ್ಕು ವರ್ಷದ ಹುಡುಗಿಯೊಬ್ಬಳ ಅಪ್ಪ. ರೇಷ್ಮೆಗೂಡಿನಿಂದ ನೂಲು ತೆಗೆಯುವ ಫಿಲೇಚರ್ ಅವರದು. ಮನೆಯಲ್ಲಿ ಉರ್ದು; ಅಂಗನವಾಡಿಯಲ್ಲಿ ಮಗು ತುಟಿಯೇ ಬಿಚ್ಚುತ್ತಿರಲಿಲ್ಲ. ಬರೀ ಆಟ ಆಡಿಸುತ್ತೀರಂತೆ, ಸೋಮವಾರದಿಂದ ಕಾನ್ವೆಂಟಿಗೆ ಹಾಕುತ್ತೇನೆ ಎಂದು ಹಿಂದಿನ ದಿನವೇ ಹೇಳಿ ಹೋಗಿದ್ದರು; ಒಮ್ಮೆ ಬಂದು ನೋಡಿ ಎಂದು ನಾನೇ ಕೇಳಿಕೊಂಡಿದ್ದೆ. ಈ ಮಗು ಬಾಯಿ ಬಿಡುವವರೆಗೆ ಅಲ್ಲಿ ಯಾರು ಕಾಯುತ್ತಾರೆ? ಒಂದಕ್ಷರ ಬರೆದು ತೋರಿಸಿದರೆ ನಮ್ಮಲ್ಲೇ ಉಳಿದಾಳೆಂಬ ಆಸೆ ನನ್ನದು.

ಅವರು ಬಂದು ಬಾಗಿಲಲ್ಲೇ ನಿಂತರು. ನಾನು ಮಗುವಿನ ಕೈ ಹಿಡಿದು ಸ್ಲೇಟಿನ ಮೇಲೆ ತಿದ್ದಿಸಿದೆ. ಅವಳ ಬೆರಳು ಸೆಟೆದುಕೊಂಡಿತ್ತು. ಬಳಪ ಮುರಿಯಿತು. ಇನ್ನೊಂದು ಕೊಟ್ಟೆ, ಹಿಡಿಯಲೇ ಇಲ್ಲ. ಅಪ್ಪ ಗಡಿಯಾರ ನೋಡಿಕೊಂಡರು. ನನಗೆ ಮಗುವಿನ ಮೇಲೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ.

ಅವಳು ಕೈ ಕೊಸರಿಕೊಂಡವಳೇ ನೇರ ಡ್ರಮ್ಮಿನ ಹಿಂದೆ ಹೋಗಿ ಬುಟ್ಟಿ ಎಳೆದು ತಂದಳು. ಅದರ ತುಂಬ ಮೇಲೂರಿನ ರೈತರೊಬ್ಬರು ಮಕ್ಕಳು ಆಡಲೆಂದು ಒಣಗಿಸಿ ಕೊಟ್ಟಿದ್ದ ರೇಷ್ಮೆಗೂಡುಗಳು. ನನ್ನ ಮಾನ ಮೂರು ಕಾಸಿಗೆ ಹೋಯಿತು.

ಅವಳು ಒಂದೊಂದೇ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಎರಡು ಗುಡ್ಡೆ ಮಾಡತೊಡಗಿದಳು. ವಾರದಿಂದ ಇದೇ ಆಟ. ಗಿಲಕಿ ಆಡಿಸುತ್ತಿದ್ದಾಳೆ ಎಂದುಕೊಂಡು ನಾನು ಸುಮ್ಮನಿದ್ದೆ.

ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು ಕುಕ್ಕುರುಗಾಲಲ್ಲಿ ಕೂತರು. ಚಿಕ್ಕ ಗುಡ್ಡೆಯಿಂದ ಒಂದನ್ನು ತೆಗೆದು ಅಲ್ಲಾಡಿಸಿದರು. ಸದ್ದಿಲ್ಲ. ಇನ್ನೊಂದು, ಅದಕ್ಕೂ ಇಲ್ಲ. ಒಳ್ಳೆಯ ಗೂಡು ಗಲಗಲ ಅನ್ನುತ್ತದೆ; ಹುಳ ಒಳಗೇ ಸತ್ತು ಅಂಟಿಕೊಂಡ ಗೂಡು ಸದ್ದು ಮಾಡುವುದಿಲ್ಲ, ಅದರ ನೂಲೂ ಸರಿಯಾಗಿ ಬಿಚ್ಚುವುದಿಲ್ಲ. ಮಾರುಕಟ್ಟೆಯಲ್ಲಿ ಗೂಡು ಕೊಳ್ಳುವ ಮೊದಲು ಅವರೂ ಹೀಗೇ ಅಲ್ಲಾಡಿಸಿ ನೋಡುತ್ತಾರೆ. ಮೂರನೆಯದು ಸದ್ದು ಮಾಡಿತೆಂದುಕೊಂಡು ಅವರು ಅದನ್ನು ಒಳ್ಳೆಯ ಗೂಡುಗಳ ದೊಡ್ಡ ಗುಡ್ಡೆಗೆ ಹಾಕಿದರು. ಮಗಳು ಅದನ್ನು ಕಿತ್ತುಕೊಂಡು ಅವರ ಕಿವಿಗೇ ಹಿಡಿದು ಅಲ್ಲಾಡಿಸಿದಳು. ಅವರು ಕೇಳಿ, ಅದನ್ನು ಚಿಕ್ಕ ಗುಡ್ಡೆಗೇ ವಾಪಸ್ ಇಟ್ಟರು.

"ನಾನು ಹೇಳ್ಕೊಟ್ಟಿಲ್ಲ. ನಾನು ಮಾಡೋದನ್ನ ನೋಡಿ ಕಲ್ತಿದಾಳೆ," ಅಂದರು. "ಈ ವರ್ಷ ಇಲ್ಲೇ ಇರ್ಲಿ ಬಿಡಿ."

ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತಾ ಡ್ರಮ್ಮಿನ ಕಡೆ ನೋಡಿದರು.

"ಅದ್ಸರಿ ಟೀಚರಮ್ಮ, ಇದನ್ನ್ಯಾಕೆ ಬಚ್ಚಿಟ್ಟಿದ್ರಿ?"

ನನ್ನ ಕೈಯಲ್ಲಿ ಬಳಪದ ತುಂಡು ಇನ್ನೂ ಇತ್ತು. ಹನ್ನೆರಡು ವರ್ಷ ಊರಿಗೆಲ್ಲ ಹೇಳಿದ ಮಾತನ್ನು ನಾನೇ ನಂಬಿರಲಿಲ್ಲ ಎಂದು ಅವರಿಗೆ ಹೇಗೆ ಹೇಳಲಿ?