ಪೈನ್ ಬಾಗಿಲಿಗೆ ತೆಳು ಬಿಳಿ

ಧಾರವಾಡದ ಕಡೆಯಿಂದ ಬಂದು ಬಿಟಿಎಂ ಲೇಔಟಿನ ಆ ಬಾಡಿಗೆ ಮನೆ ಸೇರಿ ಎರಡು ವರ್ಷವಾಗಿತ್ತು. ಅಡುಗೆಮನೆಯ ಕಪಾಟುಗಳಿಗೆಲ್ಲ ಪೈನ್ ಮರದ ಬಾಗಿಲು. ಹಳೆಯ ವಾರ್ನಿಷ್ ಹಳದಿಗಟ್ಟಿ, ಹಗಲಲ್ಲೂ ಲೈಟು ಹಾಕಬೇಕಿತ್ತು. ಕೆಳಗಿನ ಮನೆಯಲ್ಲಿದ್ದ ಓನರ್ ಆಂಟಿಯನ್ನು ಕೇಳಿದೆ.

"ಬಾಗಿಲಿಗೆ ಬಿಳಿ ಬಣ್ಣ ಹಚ್ಚಲೇನ್ರಿ ಆಂಟಿ?"

"ಹಚ್ಕೊಳಮ್ಮ. ಕೆಡಿಸ್ಬೇಡ ಅಷ್ಟೇ."

ಶನಿವಾರ ಬಾಗಿಲುಗಳನ್ನು ಬಿಚ್ಚಿ ತಾರಸಿಗೆ ಹೊತ್ತೆ. ಸ್ಯಾಂಡ್‌ಪೇಪರಿನಿಂದ ಉಜ್ಜಿ ವಾರ್ನಿಷ್ ತೆಗೆದೆ. ಬಿಳಿ ಪೇಂಟಿಗೆ ಸಮ ನೀರು ಬೆರೆಸಿ ಹಚ್ಚಿ, ಒಣಗುವ ಮೊದಲೇ ಬಟ್ಟೆಯಿಂದ ಒರೆಸಬೇಕು. ಆಗ ಬಿಳಿಯ ಅಡಿಯಿಂದ ಮರದ ಗೆರೆಗಳು ಕಾಣುತ್ತವೆ. ನಾನು ಓದಿಕೊಂಡಿದ್ದು ಇಷ್ಟು. ಬಿಸಿಲಿಗೆ ಕಾದ ಮರ ಮಾತ್ರ ಬಣ್ಣವನ್ನು ಗಟಗಟನೆ ಹೀರಿಬಿಟ್ಟಿತು. ಎಷ್ಟು ಒರೆಸಿದರೂ ಮೊದಲ ಬಾಗಿಲ ತುಂಬ ತೇಪೆ ತೇಪೆ.

ಒಣಗಿದ ಬಟ್ಟೆ ತೆಗೆಯಲು ಬಂದ ಆಂಟಿ ನೋಡಿ ನಕ್ಕರು. ನನಗೆ ಅಳುವೇ ಬಂದಿತ್ತು.

"ಅಯ್ಯೋ, ಅಳ್ತಾರಾ ಇದಕ್ಕೆ? ನಾನು ಹುಟ್ಟಿದ್ದು ಇಲ್ಲೇ ಸುದ್ದಗುಂಟೆಪಾಳ್ಯದಲ್ಲಿ, ಇದೆಲ್ಲ ಹೊಲ ಇದ್ದಾಗ. ಹಬ್ಬಕ್ಕೆ ಸುಣ್ಣ ಬಳಿಯೋ ಮುಂಚೆ ಗೋಡೆಗೆ ನೀರು ಹೊಡೀತಿದ್ವಿ. ಒಣ ಗೋಡೆ ಸುಣ್ಣಾನೆಲ್ಲ ಕುಡ್ದುಬಿಡುತ್ತೆ. ಮರಾನೂ ಹಂಗೇ ಇರ್ಬೇಕು. ನೆರಳಿಗೆ ತಗೊಂಬಾ."

ಬಾಗಿಲುಗಳು ನೀರಿನ ಟ್ಯಾಂಕಿನ ನೆರಳಿಗೆ ಬಂದವು. ಆಂಟಿ ತಮ್ಮ ಗಂಡನ ಹಳೇ ಪಂಚೆಯೊಂದನ್ನು ತಂದು ಪರ್ರನೆ ಹರಿದರು. ಒದ್ದೆ ಬಟ್ಟೆಯಲ್ಲಿ ಮರವನ್ನು ಸವರಿದರು, ನಾನು ಬಣ್ಣ ಹಚ್ಚಿದೆ, ಅವರು ಗೆರೆಯುದ್ದಕ್ಕೂ ಒಂದೇ ಕೈಯಲ್ಲಿ ಒರೆಸಿದರು. ನೀರುಮಜ್ಜಿಗೆಯಂಥ ತೆಳು ಬಿಳುಪಿನಲ್ಲಿ ಗೆರೆಯೂ ಗಂಟೂ ಮೂಡಿ ನಿಂತವು.

"ಸಖತ್ತಾಗಿದೆ ಕಣೇ!" ಎಂದರು ಆಂಟಿ. ಆಮೇಲೆ ಅವರನ್ನು ತಡೆಯುವವರೇ ಇಲ್ಲ.

ಕೆಳಗಿನಿಂದ ಅಂಕಲ್ ಕೂಗಿದರು. "ಊಟ ಏನಾಯ್ತೇ?"

"ಸಾರಿದೆ, ಅನ್ನ ಇಟ್ಕೊಳ್ರೀ!"

ಸಂಜೆಯೊಳಗೆ ಹನ್ನೊಂದು ಬಾಗಿಲು ಮುಗಿದವು. ಕೆಟ್ಟಿದ್ದನ್ನೂ ಮತ್ತೆ ಉಜ್ಜಿ ಸರಿಮಾಡಿದೆವು. ಮರುದಿನ ಹೊಳಪಿಲ್ಲದ ವಾರ್ನಿಷ್ ಕೊಟ್ಟು, ಒಣಗಿದ ಮೇಲೆ ಕೂರಿಸಿದಾಗ, ಕಿಟಕಿಯ ಬೆಳಕು ಒಲೆಯವರೆಗೂ ಬಂದಿತ್ತು.

ಆ ವಾರವೇ ಆಂಟಿ ಹೊಸಕೆರೆಹಳ್ಳಿಯ ತಂಗಿಯನ್ನು ಕರೆತಂದು ತೋರಿಸಿದರು.

"ಎಲ್ಲಾ ನಾನೇ ಮಾಡಿದ್ದು," ಎಂದವರು ನನ್ನ ಮುಖ ನೋಡಿ, "ಇವಳೂ ಸ್ವಲ್ಪ ಹೆಲ್ಪ್ ಮಾಡಿದ್ಳು" ಎಂದು ಸೇರಿಸಿದರು.

ನಾನು "ಹೌದ್ರಿ" ಎಂದು ತಲೆಯಾಡಿಸಿ, ನಗು ತಡೆದುಕೊಂಡು ಮೂವರಿಗೂ ಚಹಾಕ್ಕಿಟ್ಟೆ.