ಪುಸ್ತಕಕ್ಕೆ ಸಿಗದ ಮುಯ್ಯಿ

ಪೂರಿಗಾಲಿ ಕಡೆಯ ಒಂದು ಹಳ್ಳಿ. ಹಾಲಿನ ಡೇರಿಯ ಜಗುಲಿ ಮೇಲೆ ಅಂದು ಮಧ್ಯಾಹ್ನ ಕೂತಿದ್ದವರು ಕಾಲುವೆ ಎಂಜಿನಿಯರು, ಗದ್ದೆಗೆ ನೀರು ಬಿಡುವ ನೀರುಗಂಟಿ, ಒಂದಷ್ಟು ರೈತರು, ಕಂಬಕ್ಕೊರಗಿದ ಒಬ್ಬ ಹೆಂಗಸು, ಮತ್ತು ಮಂಡ್ಯದಿಂದ ಲ್ಯಾಪ್‌ಟಾಪ್ ಹೊತ್ತು ಹೋಗಿದ್ದ ನಾನು.

ಜನರ ನಡವಳಿಕೆಯನ್ನು ಕಂಪ್ಯೂಟರಿನಲ್ಲಿ ಆಡಿಸಿ ನೋಡಿ, ಯಾವ ನಿಯಮ ಒಳ್ಳೆಯದೆಂದು ಹೇಳುವುದು ಕಾಲೇಜಿನಲ್ಲಿ ನನ್ನ ಕೆಲಸ. ಆ ಕಾಲುವೆಗೆ ಹೊಸ ಸರದಿ ಪಟ್ಟಿ ಮಾಡಿಕೊಟ್ಟಿದ್ದೆ. ಹೋದ ಬೆಳೆಯಲ್ಲಿ ನೀರು ಹಾಯಿಸದವರ ಸರದಿಯನ್ನು ಹಾಯಿಸಿದವರಿಗೆ ಕೊಡು ಎಂದಿತ್ತು ನನ್ನ ಲೆಕ್ಕಾಚಾರ. ಎಂಜಿನಿಯರು ರುಜು ಹಾಕಿದರೆ ಮರುದಿನದಿಂದಲೇ ಜಾರಿ.

ಪಟ್ಟಿ ಓದುತ್ತ ಓದುತ್ತ ಅವರು ಆ ಹೆಂಗಸಿನ ಹಿಪ್ಪುನೇರಳೆ ತೋಟದ ಸಾಲಿಗೆ ಬಂದು, "ಇದು ಕೈಬಿಟ್ಟಿದೆ" ಎಂದರು.

ಆಕೆ ದಡಕ್ಕನೆ ನೇರವಾದರು. "ಯಾಕ್ ಸ್ವಾಮಿ ಕೈಬುಟ್ರಿ? ರೇಸ್ಮೆ ಹುಳ ಮೂರ್ನೇ ಜ್ವರ ಎದ್ದು, ಪೊರೆ ಕಳಚ್ಕೊಂಡು ಸೊಪ್ಪು ಸೊಪ್ಪು ಅಂತಾವೆ. ತೋಟ ಬಾಡ್ತಾ ಅದೆ. ಈ ವಾರ ನೀರಿಲ್ಲ ಅಂದ್ರೆ ಹುಳಾನೆಲ್ಲ ತಿಪ್ಪೆಗೆ ಸುರೀಲಾ?"

"ಹೋದ ಬೆಳೆಯಲ್ಲಿ ನೀವು ನೀರೇ ತಗೊಂಡಿಲ್ವಲ್ಲಮ್ಮ," ಎಂದೆ. ನೀರುಗಂಟಿಯ ಪುಸ್ತಕವೇ ನನಗೆ ಆಧಾರ.

"ಎಂಗ್ ತಗೊಳ್ಳಿ ಮೇಷ್ಟ್ರೆ? ಆಗ ಹುಳ ಸಾಕಿರ್ನಿಲ್ಲ. ಪಕ್ಕದ ಗದ್ದೆಯೋನ ನಾಟಿಗೆ ನನ್ನ ಸರದಿ ಮುಯ್ಯಿ ಕೊಟ್ಟೆ. ಈಗ ಅವನು ತೀರಿಸ್ಬೇಕು. ಯೋಳ್ಲಾ!"

ರೈತರ ನಡುವೆ ಕೂತಿದ್ದ ಪಕ್ಕದ ಗದ್ದೆಯವನು ನೆಲ ನೋಡಿದ. ಹೊಸ ಪಟ್ಟಿಯಲ್ಲಿ ಆಕೆಯ ಸರದಿ ಸೇರಿದ್ದು ಅವನಿಗೇ.

"ಬಾಯಿಗೆ ಬೀಗ ಜಡ್ಕೊಂಡಿದ್ದೀಯೇನ್ಲಾ?" ನೀರುಗಂಟಿ ಗದರಿದ. "ತೂಬು ಎತ್ತಿದ್ದು ನಾನೇ ಕಣ್ಲಾ. ನೀರು ಹೋದ ಗದ್ದೆ ಬರ್ಕೊಂಡೆ. ಮುಯ್ಯೀನ ಯಾವನಾದ್ರೂ ಬರೀತಾನಾ?"

"ಕೊಟ್ಟಿದ್ಲು," ಎಂದ ಅವನು ಕೊನೆಗೆ. "ಕಂಪ್ಯೂಟ್ರೇ ನಂಗೆ ಅಂದಾಗ ನಾನ್ಯಾಕೆ ಬ್ಯಾಡ ಅನ್ಲಿ ಅಂತ ಸುಮ್ಕಿದ್ದೆ."

ನಮ್ಮಜ್ಜಿ ಕಳೆ ಕೀಳಲು ಮುಯ್ಯಿ ಹೋಗುತ್ತಿದ್ದುದನ್ನು ನೋಡುತ್ತಲೇ ಬೆಳೆದವನು ನಾನು. ಒಂದು ದಿನ ಅವರ ಹೊಲಕ್ಕೆ ಇವರು, ಇನ್ನೊಂದು ದಿನ ಇವರ ಹೊಲಕ್ಕೆ ಅವರು. ಆದರೂ ನೀರಿಗೂ ಮುಯ್ಯಿ ಉಂಟೇ ಎಂದು ಒಬ್ಬರನ್ನೂ ಕೇಳಿರಲಿಲ್ಲ.

ಎಂಜಿನಿಯರು ಪೆನ್ನಿನ ಮುಚ್ಚಳ ತೆಗೆದೇ ಇಟ್ಟಿದ್ದರು. "ಹೇಳಿ ಮೇಷ್ಟ್ರೇ, ನಿಮ್ಮ ಪಟ್ಟಿ ಸರಿಯೋ, ತಪ್ಪೋ?"

ತಪ್ಪೆಂದರೆ ಮದ್ದೂರು ಕಡೆಯ ಕಾಲುವೆಗಳ ಕೆಲಸ ನನಗೆ ಸಿಗುವುದಿಲ್ಲ. ಲ್ಯಾಪ್‌ಟಾಪ್ ಮುಚ್ಚಿದೆ.

"ತಪ್ಪು ಸಾರ್. ಹಳೇ ಪಟ್ಟಿಯೇ ಇರಲಿ."

ಮೂರನೇ ದಿನ ಆಕೆಯ ಸರದಿ ಬಂತು, ಅದರ ಮರುದಿನ ಪಕ್ಕದ ಗದ್ದೆಯವನದು. ಎರಡು ಸರದಿಯ ನೀರೂ ಆಕೆಯ ಹಿಪ್ಪುನೇರಳೆ ತೋಟಕ್ಕೇ ಹೋಯಿತು.