ಪಾಯಿಂಟ್ ಕೊಡುವ ಚಟ

ಹೋದ ಭಾನುವಾರ ಮಧ್ಯಾಹ್ನ ಮೂರೂವರೆಗೆ ನಾನು ಸತ್ತೆ.

ಸಾಯುವಾಗ ಕೈಯಲ್ಲಿ ಕೊಡಲಿ ಇತ್ತು. ಬೆನ್ನಚೀಲದಲ್ಲಿ ನಾಲ್ಕು ದಿನಕ್ಕಾಗುವಷ್ಟು ಊಟ ಇತ್ತು. ಕಾಲು ಗಟ್ಟಿ, ಕಣ್ಣು ಚುರುಕು. ಇಂಥವನು ಸಾಯುವುದಕ್ಕೆ ಕಾರಣವೇ ಇರಲಿಲ್ಲ. ಆದರೂ ಸತ್ತೆ. ಪಕ್ಕದಲ್ಲಿ ಕೂತಿದ್ದ ಮಗಳು "ಹನ್ನೆರಡನೇ ಸಲ" ಅಂದಳು. ಅವಳು ಹೇಳಿದ ಲೆಕ್ಕ ಯಾವುದೆಂದು ಆಗ ನನಗೆ ಗೊತ್ತಾಗಲಿಲ್ಲ.

(ಗಾಬರಿಯಾಗಬೇಡಿ. ಸತ್ತಿದ್ದು ಕೊಪ್ಪದ ನಮ್ಮ ಮನೆಯಲ್ಲಿ, ಮಗಳ ಲ್ಯಾಪ್‌ಟಾಪಿನ ಒಳಗೆ.)

ಮಗಳು ಸಿಂಚನ ಡಿಗ್ರಿ ಎರಡನೇ ವರ್ಷ. ಪರೀಕ್ಷೆ ಮುಗಿಸಿ ಮನೆಯಲ್ಲಿದ್ದಾಳೆ. ಅವಳು ಆಡುವ ಆಟದಲ್ಲಿ ಸತ್ತವರೆಲ್ಲ ಜೋಂಬಿಗಳಾಗಿ ಎದ್ದು ಊರು ತುಂಬ ಓಡಾಡುತ್ತಿರುತ್ತಾರೆ. ಅವರ ಕೈಗೆ ಸಿಗದೆ ನೀವು ಎಷ್ಟು ದಿನ ಬದುಕುತ್ತೀರಿ ಅನ್ನುವುದೇ ಆಟ. ಇಪ್ಪತ್ತು ದಿನವೋ, ಎರಡು ತಿಂಗಳೋ. ಗೆಲ್ಲುವುದು ಅಂತ ಒಂದು ಇಲ್ಲವೇ ಇಲ್ಲ.

"ಅಪ್ಪ, ಇವತ್ತು ನೀನು ಆಡು" ಅಂದಳು. ಯಾವತ್ತೂ ಹಾಗೆ ಕರೆದವಳಲ್ಲ. ಹಿಗ್ಗಿ ಹೋಗಿ ಕೂತೆ.

ಆಟ ಶುರುವಾಗುವ ಮೊದಲು ನಿಮ್ಮ ಪಾತ್ರವನ್ನು ನೀವೇ ಕಟ್ಟಿಕೊಳ್ಳಬೇಕು. ಎಡಗಡೆ ಶಕ್ತಿಗಳ ಪಟ್ಟಿ, ಬಲಗಡೆ ದೌರ್ಬಲ್ಯಗಳ ಪಟ್ಟಿ. ಕಿವಿ ಮಂದ, ಕಣ್ಣು ಮಂದ, ಹೆದರುಪುಕ್ಕಲ, ಹೊಟ್ಟೆಬಾಕ, ನಿದ್ದೆಬುರುಕ, ಹೀಗೆ. ಗಟ್ಟಿ ಕಾಲು ಬೇಕೆಂದರೆ ಪಾಯಿಂಟ್ ಬೇಕು. ಪಾಯಿಂಟ್ ಎಲ್ಲಿಂದ ಬರುತ್ತದೆ? ದೌರ್ಬಲ್ಯ ಆರಿಸಿಕೊಂಡರೆ ಬರುತ್ತದೆ. ಕುಂದು ಒಪ್ಪಿಕೊಂಡವನಿಗೇ ಬಲ.

"ನಂಗೆ ದೌರ್ಬಲ್ಯ ಎಂತದೂ ಇಲ್ಲ ಮಾರಾಯ್ತಿ" ಅಂದೆ.

"ಹಂಗಾದ್ರೆ ಪಾಯಿಂಟೂ ಇಲ್ಲ. ಒಂದಾದ್ರೂ ತಗಳ್ಳೇಬೇಕು."

ಪಟ್ಟಿಯ ಮೇಲಿಂದ ಕೆಳಗೆ ಹೋದೆ. ಯಾವುದೂ ಬೇಡವೆನಿಸಿತು. ಕೊನೆಗೆ ಒಂದರ ಮೇಲೆ ಕೈ ನಿಂತಿತು: ತಂಬಾಕಿನ ಚಟ. ಇದು ಪರವಾಗಿಲ್ಲ ಅಂದೆ. ತಂಬಾಕು ಜೇಬಿನಲ್ಲಿದ್ದರೆ ಮುಗಿಯಿತು, ತೊಂದರೆಯೇ ಇಲ್ಲ.

"ಎಲ್ಲರೂ ಮೊದಲು ಅದನ್ನೇ ಆರಿಸೋದು. ಸಂಭಾಳಿಸೋದು ಸುಲಭ ಅಂತ" ಅಂದಳು ಸಿಂಚನ. ನನ್ನ ಮುಖ ನೋಡಲಿಲ್ಲ.

ಸಂಭಾಳಿಸುವ ವಿಚಾರ ನನಗೆ ಬೇರೆಯವರು ಹೇಳಿಕೊಡಬೇಕೆ? ನನ್ನ ಕಸುಬು ಜಮೀನು ಅಳೆಯುವ ಸರ್ವೆ ಕೆಲಸ. ಕೊಪ್ಪ, ಶೃಂಗೇರಿ, ಎನ್.ಆರ್.ಪುರ, ಈ ಮೂರು ತಾಲ್ಲೂಕಿನಲ್ಲಿ ನಾನು ಟೇಪು ಹಿಡಿಯದ ಊರು ಕಡಿಮೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಮೊದಲ ಸರ್ವೆ ಬಸರೀಕಟ್ಟೆಯ ಹತ್ತಿರ. ಅಣ್ಣತಮ್ಮಂದಿರ ಗಡಿ ಜಗಳ. ಇಬ್ಬರೂ ಮಾತು ಬಿಟ್ಟಿದ್ದರು, ನನ್ನ ಹತ್ತಿರವೂ ಬಾಯಿ ಬಿಡಲಿಲ್ಲ. ಅಣ್ಣ ಕವಳದ ತಟ್ಟೆ ಮುಂದೆ ತಳ್ಳಿದ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು. ಅಲ್ಲಿಯವರೆಗೆ ನಾನು ಹೊಗೆಸೊಪ್ಪು ಮುಟ್ಟಿದವನಲ್ಲ. ಬೇಡ ಅನ್ನಲು ಮುಜುಗರವಾಗಿ ಹಾಕಿಕೊಂಡೆ. ತಲೆ ಗಿರ್ ಅಂದಿತು. ಅಣ್ಣ ನಕ್ಕ, ತಮ್ಮನೂ ನಕ್ಕ. ಅವನೂ ಅದೇ ತಟ್ಟೆಗೆ ಕೈ ಹಾಕಿದ. ಕಳೆದುಹೋಗಿದ್ದ ಗಡಿಗುರುತಿನ ಬಾಂದುಕಲ್ಲು ಎಲ್ಲಿದೆ ಅಂತ ಹತ್ತು ನಿಮಿಷದಲ್ಲಿ ಇಬ್ಬರೂ ಸೇರಿ ತೋರಿಸಿದರು.

ಸುಳ್ಳು ಹೇಳುವುದಿಲ್ಲ, ಈ ಚಟ ನನಗೆ ನಿಜವಾಗಿಯೂ ಪಾಯಿಂಟ್ ಕೊಟ್ಟಿದೆ. ನಕ್ಷೆಗೆ ಬಗ್ಗದವರು ಕವಳಕ್ಕೆ ಬಗ್ಗಿದ್ದಾರೆ. "ನಮ್ಮ ಸರ್ವೆಯೋರು ಜಂಬ ಇಲ್ಲದ ಮನುಷ್ಯ" ಅನ್ನುವ ಹೆಸರು ಬಂದಿದ್ದೇ ಅದರಿಂದ. ದಿನಕ್ಕೆ ನಾಲ್ಕು ಇದ್ದದ್ದು ಎಂಟಾಯಿತು, ಹನ್ನೆರಡಾಯಿತು. ಯಾರಾದರೂ ಕೇಳಿದರೆ "ನಂದು ಇದೊಂದೇ ದೌರ್ಬಲ್ಯ" ಅನ್ನುತ್ತಿದ್ದೆ. ಹೇಳುವಾಗ ಸ್ವಲ್ಪ ಹೆಮ್ಮೆಯೂ ಇರುತ್ತಿತ್ತು. (ಇದೊಂದೇ ಅನ್ನುವವರನ್ನು ನಂಬಬೇಡಿ. ನನ್ನನ್ನೂ ಸೇರಿಸಿ.)

ಆಟಕ್ಕೆ ಬರುತ್ತೇನೆ. ಎಂಟು ದಿನ ಜೋರಾಗಿ ಬದುಕಿದೆ. ಮನೆ ಭದ್ರ, ನೀರು ಇತ್ತು, ಊಟ ಇತ್ತು. ಒಂಬತ್ತನೇ ದಿನ ತಂಬಾಕು ಮುಗಿಯಿತು. ತೆರೆಯ ಮೂಲೆಯಲ್ಲಿ ಒಂದು ಸಣ್ಣ ಕೆಂಪು ಗುರುತು ಬಂತು. ನನ್ನ ಪಾತ್ರಕ್ಕೆ ತಳಮಳ. ಕೊಡಲಿ ಬೀಸಿದರೆ ಗುರಿ ತಪ್ಪುತ್ತದೆ, ಮಲಗಿದರೆ ನಿದ್ದೆ ಬರುವುದಿಲ್ಲ. ಪೇಟೆಯ ಆ ತುದಿಯಲ್ಲಿ ಒಂದು ಅಂಗಡಿ ಇತ್ತು. ಅಲ್ಲಿ ಸಿಗಬಹುದು ಅಂತ ಹೊರಟೆ. ಮಗಳು ತಡೆಯಲಿಲ್ಲ. ಅಂಗಡಿಯ ಬಾಗಿಲು ತೆಗೆದಾಗ ಒಳಗೆ ಇಪ್ಪತ್ತು ಜನ ಸತ್ತವರು ನಿಂತಿದ್ದರು.

"ನಿನ್ನ ಕೊಂದಿದ್ದು ಜೋಂಬಿ ಅಲ್ಲ ಅಪ್ಪ" ಅಂದಳು. ಲ್ಯಾಪ್‌ಟಾಪ್ ಮುಚ್ಚಿದಳು. "ಈಗ ಬಾಯಿ ತೆಗಿ."

"ಎಂತಕ್ಕೆ?"

"ತೆಗಿ ಅಂದೆ."

ತನ್ನ ಮೂರು ಬೆರಳು ಜೋಡಿಸಿ, ನಿಲುವಾಗಿ ತನ್ನ ಬಾಯಿಯೊಳಗೆ ಇಟ್ಟು ತೋರಿಸಿದಳು. ಮೇಲಿನ ಹಲ್ಲು, ಕೆಳಗಿನ ಹಲ್ಲು, ನಡುವೆ ಮೂರು ಬೆರಳು ಸಲೀಸಾಗಿ ನಿಂತವು. "ಹಿಂಗೆ ಮಾಡು" ಅಂದಳು. ಇದೇನು ಮಹಾ ಅಂದುಕೊಂಡು ನನ್ನ ಬೆರಳು ತಂದೆ. ಮೂರು ಹೋಗಲಿಲ್ಲ. ಎರಡು ಇಟ್ಟೆ. ಒಂದು ಹೋಯಿತು. ಎರಡನೆಯದು ಹಲ್ಲಿಗೆ ಕಚ್ಚಿ ನಿಂತಿತು. ನಗಲು ನೋಡಿದೆ. ನಗುವಷ್ಟೂ ಬಾಯಿ ತೆರೆಯುವುದಿಲ್ಲ ಅಂತ ಆಗ ಗೊತ್ತಾಯಿತು.

ನನಗೆ ಹೆದರಿಕೆಯಾಯಿತು. ಅದನ್ನು ಸುತ್ತಿಬಳಸಿ ಹೇಳುವ ಶಕ್ತಿ ನನಗಿಲ್ಲ.

ಒಂದು ವರ್ಷದಿಂದ ಸಾರು ಖಾರ ಅಂತ ಹೆಂಡತಿ ಸವಿತಳ ಮೇಲೆ ರೇಗುತ್ತಿದ್ದೆ. ಪಾಪ, ಅವಳು ಮೆಣಸು ಕಡಿಮೆ ಮಾಡಿ ಮಾಡಿ, ಮನೆಯವರೆಲ್ಲ ಸಪ್ಪೆ ಉಣ್ಣುವಂತಾಗಿತ್ತು. ಮಾವಿನಹಣ್ಣನ್ನು ಕಚ್ಚಿ ತಿನ್ನುವವನು ಹೋಳು ಮಾಡಿ ಕೊಡು ಅನ್ನತೊಡಗಿದ್ದೆ. ದೋಸೆಯನ್ನು ಚೂರು ಮಾಡಿ ಬಾಯಿಗಿಡುತ್ತಿದ್ದೆ. ವಯಸ್ಸಾಯಿತು, ಶಿಸ್ತು ಬಂತು ಅಂದುಕೊಂಡಿದ್ದೆ. ಎದುರು ಕೂತು ಉಣ್ಣುವ ಮಗಳು ಎಲ್ಲವನ್ನೂ ನೋಡುತ್ತಿದ್ದಳು.

"ಒಂದು ತಿಂಗಳಿಂದ ಹೆಂಗೆ ಹೇಳೋದು ಅಂತ ಯೋಚನೆ ಮಾಡ್ತಿದ್ದೆ" ಅಂದಳು. "ಬಾಯಲ್ಲಿ ಹೇಳಿದ್ರೆ ನೀನು ಬೈತಿ. ಅದಕ್ಕೆ ನಿನ್ನ ಹೆಸರಲ್ಲೇ ಒಂದು ಪಾತ್ರ ಮಾಡಿದ್ದೆ. ಅದೇ ಚಟ ಕೊಟ್ಟು. ಬದುಕಿಸೋಕೆ ಆಗ್ತದಾ ನೋಡ್ವ ಅಂತ. ತಂಬಾಕು ಮೊದಲೇ ಕೂಡಿಟ್ಟು ನೋಡ್ದೆ. ಹೊರಗೇ ಬಿಡದೆ ನೋಡ್ದೆ. ಹನ್ನೊಂದು ಸಲ ಆಡ್ದೆ. ಎಲ್ಲಾ ಸಲನೂ ಯಾವತ್ತಾದ್ರೂ ಒಂದಿನ ಮುಗಿದು ಹೋಗ್ತದೆ, ನೀನು ಹುಡುಕ್ಕೊಂಡು ಹೊರಗೆ ಹೋಗ್ತಿ."

ನಾನು ಮುಚ್ಚಿದ ಲ್ಯಾಪ್‌ಟಾಪನ್ನೇ ನೋಡಿದೆ.

"ಆಟದಲ್ಲಿ ಒಂದ್ಸಲ ಆರಿಸಿದ್ರೆ ಆತು, ತೆಗಿಯೋಕೆ ಆಗಲ್ಲ. ನಿಂಗೆ ಹಂಗಿಲ್ಲ ಅಲ್ವಾ ಅಪ್ಪ?" ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ಅಳು ಬಂದುಬಿಟ್ಟಿತು.

ಸೋಮವಾರ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಟಾರ್ಚ್ ಬಿಟ್ಟು ನೋಡಿದರು. ಕೆನ್ನೆಯ ಒಳಗೆ ಬೆಳ್ಳಗಾಗಿದೆ, ಚರ್ಮ ಬಿಗಿದು ನಾರಿನಂತಾಗಿದೆ, ಖಾರ ತಡೆಯದಿರುವುದೂ ಇದರಿಂದಲೇ ಅಂದರು. ಹೊಗೆಸೊಪ್ಪು ಮಾತ್ರ ಬಿಟ್ಟರೆ ಸಾಕಾ ಅಂತ ಚೌಕಾಸಿ ಮಾಡಿದೆ. "ಅಡಿಕೆಯನ್ನೂ ಬಿಡಬೇಕು. ಬಾಯಿ ಬಿಗಿಸಿದ್ದು ಮುಖ್ಯವಾಗಿ ಅದೇ" ಅಂದರು. ಮುಚ್ಚಿದ್ದು ಪೂರ್ತಿ ತೆರೆಯುತ್ತದೆ ಅನ್ನುವ ಭರವಸೆ ಕೊಡಲಿಲ್ಲ. ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿ ಕೆನ್ನೆಯಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕೊಟ್ಟಿದ್ದಾರೆ. ರಿಪೋರ್ಟ್ ಇನ್ನೂ ಬಂದಿಲ್ಲ.

ಅಡಿಕೆಯ ಊರಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ ಅನ್ನುವ ಅರಿವು ನನಗಿದೆ. ನನ್ನ ಅನ್ನವೂ ಅದರದ್ದೇ. ತೋಟವಿಲ್ಲದಿದ್ದರೆ ಗಡಿ ಜಗಳ ಎಲ್ಲಿ, ಸರ್ವೆ ಎಲ್ಲಿ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಅಡಿಕೆಗೆ ಹೋದ ಬಾಯಿಗೆ ಏನು ಕೊಡಬೇಕು ಅಂತ ಹಿರಿಯರು ಹೇಳಿಲ್ಲ.

ನಿನ್ನೆ ಮುತ್ತಿನಕೊಪ್ಪದಲ್ಲಿ ಸರ್ವೆ ಇತ್ತು. ಕೆನ್ನೆಯ ಗಾಯ ಇನ್ನೂ ಉರಿಯುತ್ತಿತ್ತು. ಅಲ್ಲೂ ಗಡಿಯದೇ ತಕರಾರು, ಪಕ್ಕದ ತೋಟದವನೊಂದಿಗೆ. ಯಜಮಾನರು ವಯಸ್ಸಾದವರು. ಕೂತ ಕೂಡಲೇ ತಟ್ಟೆ ಬಂತು. ಬೇಡ ಅಂದೆ. ಅವರ ಮುಖ ಸಣ್ಣದಾಯಿತು.

"ಎಂತ ಮಾರಾಯ್ರೆ, ನಮ್ಮನೆ ಕವಳ ಆಗದಿಲ್ವಾ? ಆಚೆಮನೆಯೋರ ಕಡೆ ಆದ್ರಾ?"

ನೋಡಿ, ನಮ್ಮಲ್ಲಿ ಕವಳ ಬೇಡ ಅಂದರೆ ಅಷ್ಟು ದೂರ ಹೋಗುತ್ತದೆ. ಟೇಪು ಬಿಚ್ಚುವ ಮೊದಲೇ ನಾನು ಪಕ್ಷ ಸೇರಿಯಾಗಿತ್ತು. ಮೂವತ್ತು ವರ್ಷದ ಹೆಸರು ಹೋಗುವ ಹೊತ್ತು. ಕೈ ತಟ್ಟೆಯ ಹತ್ತಿರ ಹೋಯಿತು ಕೂಡ. ಒಂದೇ ಒಂದು, ಹೊಗೆಸೊಪ್ಪು ಇಲ್ಲದೆ, ಬರೀ ಎಲೆ ಅಡಿಕೆ. ಮನಸ್ಸು ಎಷ್ಟು ಬೇಗ ದಾರಿ ಹುಡುಕುತ್ತದೆ! ಆಟದ ಆ ಅಂಗಡಿಯ ಬಾಗಿಲು ನೆನಪಾಯಿತು.

ಕೈ ಹಿಂದಕ್ಕೆ ತೆಗೆದು ಬಾಯಿ ತೆರೆದೆ. ಬೆರಳು ಇಟ್ಟು ತೋರಿಸಿದೆ. ಒಂದು ಹೋಯಿತು, ಎರಡನೆಯದು ಹೋಗಲಿಲ್ಲ. "ಮೂರು ಹೋಗಬೇಕಂತೆ" ಅಂದೆ.

ಯಜಮಾನರು ನನ್ನನ್ನೇ ನೋಡಿದರು. ಆಮೇಲೆ ಬಾಯಲ್ಲಿದ್ದ ಕವಳ ಉಗಿದು ಬಂದು, ಮೆಲ್ಲಗೆ ತಮ್ಮ ಬೆರಳು ಎತ್ತಿದರು. ಒಂದೇ ಬೆರಳು, ಅದೂ ಕಷ್ಟದಲ್ಲಿ.

"ಖಾರ ಉಂಡು ಎರಡು ವರ್ಷ ಆತು" ಅಂದರು. "ವಯಸ್ಸಾತು ಅಂತ ಮಾಡಿದ್ದೆ ನಾನು."

ಆಚೆ ತೋಟದವನು ತನ್ನ ಬಾಂದುಕಲ್ಲಿನ ಹತ್ತಿರ ನಮಗಾಗಿ ಕಾಯುತ್ತಿದ್ದ. ಸರ್ವೆಯವರೂ ಯಜಮಾನರೂ ಬಾಯಿಗೆ ಬೆರಳಿಟ್ಟುಕೊಂಡು ಕೂತಿದ್ದು ಅವನಿಗೂ ಕಂಡಿರಬೇಕು. ತಕರಾರಿನ ಗಡಿ ದಾಟಿಕೊಂಡೇ ಅಂಗಳಕ್ಕೆ ಬಂದ. "ಎಂತ ಆತು?" ಅಂತ ಕೇಳಿದ. ಅವನ ಕೆನ್ನೆ ಉಬ್ಬಿತ್ತು. ನಾನು ಇನ್ನೊಮ್ಮೆ ತೋರಿಸಿದೆ. ಅವನೂ ಉಗಿದು ಬಂದು ಬೆರಳು ಇಟ್ಟು ನೋಡಿದ. ಎರಡು ಹೋಯಿತು. ಅವನಿಗೆ ಇನ್ನೂ ಮೂವತ್ತೈದು ದಾಟಿಲ್ಲ.

ತಟ್ಟೆ ಮಧ್ಯದಲ್ಲೇ ಇತ್ತು. ಆಮೇಲೆ ಯಜಮಾನರು ಅದನ್ನು ಒಳಗೆ ಕಳಿಸಿ ಕಾಫಿ ತರಿಸಿದರು. ನಾವು ಮೂವರೂ ಕುಡಿದು ಅಳೆಯಲು ಹೋದೆವು.

ರಿಪೋರ್ಟ್ ಮಂಗಳವಾರ ಬರುತ್ತದೆ. ಸಿಂಚನ ಜೊತೆಗೆ ಬರುತ್ತೇನೆ ಅಂದಿದ್ದಾಳೆ. ನನ್ನ ಪಾತ್ರವನ್ನು ಹದಿಮೂರನೇ ಸಲ ಮಾಡಿಲ್ಲವಂತೆ, ಕೇಳಿದೆ.

ಅದಿರಲಿ. ಇಷ್ಟು ಓದುವಷ್ಟರಲ್ಲಿ ನಿಮ್ಮ ಕೈಯೂ ಬಾಯಿಯ ಹತ್ತಿರ ಹೋಗಿರಬೇಕು. ಎಷ್ಟು ಬೆರಳು ಹಿಡಿಸಿತು?